ನಂಜಪ್ಪನಿಗಿಂತ ಒಂದು ರೂಪಾಯಿ ಕಡಿಮೆ

ಬಶೀರಣ್ಣ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದೊಡನೆ ನೋಡುತ್ತಿದ್ದುದು ರಸ್ತೆಯ ಆಚೆಗೆ. ಆಲೂರಿನ ಬಸ್ ನಿಲ್ದಾಣದ ಬಳಿ ಎರಡು ಸೈಕಲ್ ಶಾಪ್‌ಗಳು ಎದುರುಬದುರಾಗಿದ್ದವು. ಆಚೆಯದು ನಂಜಪ್ಪನದು. ಇಬ್ಬರೂ ಸೂರಿನ ಕೆಳಗೆ ಕರಿಹಲಗೆ ತೂಗುಹಾಕಿ, ಪಂಕ್ಚರಿಗೆಷ್ಟು, ಬ್ರೇಕಿಗೆಷ್ಟು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ನಂಜಪ್ಪ ಬರೆದು ಮುಗಿಸುವವರೆಗೆ ಬಶೀರಣ್ಣ ಬೀಡಿ ಸೇದುತ್ತಾ ಕಾಯುತ್ತಿದ್ದ. ಆಮೇಲೆ ಎದ್ದು, ಪ್ರತಿಯೊಂದಕ್ಕೂ ಒಂದು ರೂಪಾಯಿ ಕಡಿಮೆ ಬರೆದು, "ಈಗ ಬರ್ಲಿ ಗಿರಾಕಿ" ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಡೆ ಗೇರ್ ಸೈಕಲ್ ಬಂತು. ಬೆಳಗೋಡಿನ ಏರುಗಳಲ್ಲಿ ಸೈಕಲ್ ತಳ್ಳಿ ಸುಸ್ತಾಗಿದ್ದ ನಮಗೆಲ್ಲ ಅದರ ಹುಚ್ಚು ಹಿಡಿಯಿತು. ಇವರಿಬ್ಬರೂ ಹಟಕ್ಕೆ ಬಿದ್ದು ದರ ಇಳಿಸಿದರು. ಗೇರ್ ಸರಿಮಾಡಿಸಲು ಒಮ್ಮೆ ನಂಜಪ್ಪನಲ್ಲಿಗೆ ಹೋದೆನೆಂದು ಬಶೀರಣ್ಣ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಆಮೇಲೆ ನಂಜಪ್ಪ ಎದೆನೋವಿನಿಂದ ತೀರಿಕೊಂಡ. ಅಂಗಡಿಗೆ ಬೀಗ ಬಿತ್ತು, ಹಲಗೆ ಮಾತ್ರ ಅಲ್ಲೇ ಉಳಿಯಿತು. ಬಿಡಿಭಾಗಗಳ ಬೆಲೆಯೆಲ್ಲ ಏರಿದರೂ ಬಶೀರಣ್ಣ ಹಳೆಯ ದರವನ್ನೇ ಇಟ್ಟುಕೊಂಡು ಸೊರಗತೊಡಗಿದ.

"ರೇಟು ಜಾಸ್ತಿ ಮಾಡಣ್ಣ, ಅಂಗಡಿ ಮುಚ್ಚೋ ಹಂಗಾಯ್ತದೆ" ಎಂದೆ.

"ಮೊದ್ಲು ಅವ್ನು ಏರಿಸ್ಲಿ ಮಾರಾಯ, ಆಮೇಲೆ ನಾನು."

ನನಗೆ ನಗು ಬಂತು. ಎದುರಿನ ಹಲಗೆ ನೋಡಿದೆ, ನಗು ನಿಂತಿತು. ಅಷ್ಟು ಮಳೆಗಾಲ ಕಳೆದರೂ ನಂಜಪ್ಪನ ಹಲಗೆಯ ಸೀಮೆಸುಣ್ಣ ಮಾಸಿರಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಕೆಲವು ವರ್ಷಗಳ ಮೇಲೆ, ಹತ್ತಿರದ ಕಾಫಿ ಎಸ್ಟೇಟಿಗೆ ನೆಂಟರಾಗಿ ಬಂದವರೊಬ್ಬರು ವಿದೇಶಿ ಸೈಕಲ್ ತಂದರು. ಗುಂಡಿ ಒತ್ತಿದರೆ ಬ್ಯಾಟರಿಯಿಂದಲೇ ಗೇರ್ ಬದಲಾಗುತ್ತಿತ್ತು, ಆದರೆ ಚೈನ್ ಕಳಚುತ್ತಿತ್ತು. ಬಶೀರಣ್ಣ ಮಧ್ಯಾಹ್ನವೆಲ್ಲ ಒದ್ದಾಡಿ ಸರಿಮಾಡಿದ. ಎಷ್ಟು ಕೊಡಲಿ ಎಂದು ಅವರು ಕೇಳಿದಾಗ ತಲೆಯೆತ್ತಿ ಆಚೆಗೆ ನೋಡಿದ.

"ನಂಜಪ್ಪ ಇದುಕ್ಕೆ ರೇಟೇ ಬರ್ದಿಲ್ವಲ್ಲ ಸಾರ್" ಎಂದ.

ಅವರು ಬೀಗ ಬಿದ್ದಿದ್ದ ಅಂಗಡಿಯನ್ನು ನೋಡಿದರು, ಇವನ ಮುಖ ನೋಡಿದರು. ಎಷ್ಟು ಹೇಳಿದರೂ ಬಶೀರಣ್ಣ ಕಾಸು ಮುಟ್ಟಲಿಲ್ಲ. ಅವರು ಹೋದ ಮೇಲೆ ನಾನು ರೇಗಿದೆ.

"ಸತ್ತೋನು ಬರೀತಾನೇನಣ್ಣ?"

"ಅವ್ನು ಹೇಳ್ದೆ ನನ್ ಕೆಲಸದ ಬೆಲೆ ನಂಗೆಂಗ್ ಗೊತ್ತಾಗ್ಬೇಕು ಕಣೋ?" ಎಂದ. ಅವನ ಕಣ್ಣು ತುಂಬಿತ್ತು. ಅದೇ ನಮ್ಮ ಕೊನೆಯ ಮಾತು.

ಬಶೀರಣ್ಣ ತೀರಿಹೋದ ಮೇಲೆ ಒಂದು ದಿನ ರಸ್ತೆ ದಾಟಿ ನಂಜಪ್ಪನ ಹಲಗೆಯೆದುರು ನಿಂತೆ. ಎಲ್ಲ ಸಾಲೂ ಬಶೀರಣ್ಣನದೇ ಗುಂಡು ಅಕ್ಷರ. ಕೊನೆಗೊಂದು ಹೊಸ ಸಾಲಿತ್ತು: ಬ್ಯಾಟರಿ ಗೇರ್, ನೂರು ರೂಪಾಯಿ. ತಿರುಗಿ ಅವನ ಹಲಗೆ ನೋಡಿದೆ. ಅಲ್ಲಿ ತೊಂಬತ್ತೊಂಬತ್ತು.