ಗೋಡೆ ಕಡೆ ಮುಖ ಮಾಡಿದ ಕಂಡಕ್ಟರ್

ನಾವು ಪಾಸ್‌ವರ್ಡ್ ಹೊಡೆಯುವಾಗ ಮಶಾಕ್ ಚಾಚಾ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಸುಮ್ಮನೆ ಕತ್ತು ಹೊರಳಿಸುವ ಶಾಸ್ತ್ರವಲ್ಲ ಅದು. ಕುರ್ಚಿಯಿಂದ ಎದ್ದು, ಮೂರು ಹೆಜ್ಜೆ ನಡೆದು, ಹಸಿರು ಬಣ್ಣದ ಗೋಡೆಗೆ ಒಂದು ಗೇಣು ದೂರದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು, ಹೋಂವರ್ಕ್ ಬರೆಯದ ಹುಡುಗನನ್ನು ಮಾಸ್ತರು ನಿಲ್ಲಿಸಿದ ಹಾಗೆ. ಆ ಗೋಡೆಯ ಮೇಲೆ ಒಂದು ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಮೊಳೆ ನೋಡುತ್ತಾ ದೊಡ್ಡ ದನಿಯಲ್ಲಿ ಬಸ್ ಸ್ಟಾಪುಗಳ ಹೆಸರು ಹೇಳಲು ಶುರು ಮಾಡುತ್ತಿದ್ದರು.

“ನರೋಣಾ... ಆಳಂದ... ಅಫಜಲಪುರ... ಕರಜಗಿ... ಅತನೂರ... ಜೇವರ್ಗಿ...”

ಒಂದೇ ಬಸ್ಸು ಈ ಊರುಗಳಿಗೆಲ್ಲ ಈ ಸಾಲಿನಲ್ಲಿ ಹೋಗುತ್ತಿರಲಿಲ್ಲ. ಮೂವತ್ತು ವರ್ಷ ಕಂಡಕ್ಟರಾಗಿ ತಾವು ದುಡಿದ ರೂಟುಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದರು. ನಡುವೆ ಬರುವ ಸಣ್ಣ ಊರು, ತೋಟದ ಕ್ರಾಸು, ಯಾವನೋ ಒಬ್ಬ ಮುದುಕ ಇಳಿಯುತ್ತಿದ್ದ ಬೇವಿನ ಮರ, ಎಲ್ಲವೂ ಸೇರುತ್ತಿದ್ದವು. ಜೇವರ್ಗಿ ಬಂದರೂ ನಾವು “ಆಯ್ತ್ರಿ” ಅನ್ನದಿದ್ದರೆ ವಾಪಸ್ ಟ್ರಿಪ್ ಹಿಡಿಯುತ್ತಿದ್ದರು. ಕೀಬೋರ್ಡಿನ ಸದ್ದು ಕೂಡ ಕಿವಿಗೆ ಬೀಳಬಾರದು ಎಂದು ಈ ಏರ್ಪಾಟು.

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವರು ಆನ್‌ಲೈನ್ ಸೆಂಟರ್ ಇಟ್ಟಿದ್ದರು. ಪಹಣಿ ತೆಗೆಯುವುದು, ಅರ್ಜಿ ಹಾಕುವುದು, ಜೆರಾಕ್ಸು. ಅಂಥ ಸೆಂಟರುಗಳು ನಮ್ಮ ಕಡೆ ಬೇಕಾದಷ್ಟಿವೆ. ಎಲ್ಲ ಕಡೆಯೂ ಒಂದೇ ಪದ್ಧತಿ. ಸೆಂಟರಿನವನೇ ಪಾಸ್‌ವರ್ಡ್ ಇಡುತ್ತಾನೆ. ಊರ ಹೆಸರು, ಮುಂದೆ @123. ಅತನೂರಿನವರಿಗೆಲ್ಲ ಒಂದು, ಕರಜಗಿಯವರಿಗೆಲ್ಲ ಒಂದು. ಮೇಲಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೂ ಇಡುತ್ತಾನೆ. ಜನರಿಗೆ ಅದೇ ಸಮಾಧಾನ. ಪಾಸ್‌ವರ್ಡ್ ತನ್ನ ಹತ್ತಿರ ಇಟ್ಟುಕೊಳ್ಳುವವನೇ ನಂಬಿಕೆಯ ಮನುಷ್ಯ ಎಂಬ ಲೆಕ್ಕ. ಇಟ್ಟುಕೊಳ್ಳುವುದಿಲ್ಲ ಅನ್ನುವ ಮಶಾಕ್ ಚಾಚಾ ಜನರ ಕಣ್ಣಿಗೆ ಸೊಕ್ಕಿನ ಮನುಷ್ಯನಾಗಿ ಕಾಣುತ್ತಿದ್ದರು.

ಒಮ್ಮೆ ಕರಜಗಿಯ ಹಿರಿಯರೊಬ್ಬರು ಗಾಡಿಯಿಂದ ಇಳಿಯದೆ ರಸ್ತೆಯಿಂದಲೇ ಕೂಗಿದರು. “ಮಶಾಕಾ, ನಂದೊಂದ ಪಹಣಿ ತೆಗದ ಇಡೋ. ಪಾಸ್‌ವರ್ಡ್ ನಮ್ಮ ಎತ್ತಿನ ಹೆಸರ ಅದ ನೋಡು. ರಾಮ್ಯಾ, ಮುಂದ ಒನ್ ಟೂ ತ್ರೀ.”

ಚಾಚಾ ಹೊರಗೆ ಬಂದು ಕೈ ಮುಗಿದರು. “ಈಗ ಚಾ ಅಂಗಡಿಯವರಿಗೂ ಗೊತ್ತಾತು, ಆ ಡ್ರೈವರಗೂ ಗೊತ್ತಾತು. ನಿಮ್ಮ ರಾಮ್ಯಾಗ ಒಬ್ಬವಗ ಗೊತ್ತಿಲ್ಲ ನೋಡ್ರಿ. ಒಳಗ ಬರ್ರಿ, ಹೊಸಾದ ಮಾಡೂಣ.”

ಹೊಸದು ಮಾಡುವ ಅವರ ರೀತಿಯೂ ಕಂಡಕ್ಟರನದೇ. ಸ್ಟಾಪಿಗೆ ಅವರು ಸ್ಟೇಜ್ ಅನ್ನುತ್ತಿದ್ದರು. “ನಿಮ್ಮದ ಒಂದ ರೂಟ್ ಹಿಡೀರಿ. ನೀವ ದಿನಾ ನಡಿಯೂ ದಾರಿ ಇರಲಿ, ಸಣ್ಣವರಿದ್ದಾಗ ಓಡ್ಯಾಡಿದ್ದಿರಲಿ. ಅದರಾಗ ನಾಕ ಸ್ಟೇಜ್. ಸರಕಾರದ ಬೋರ್ಡ್ ಇದ್ದದ್ದ ಬ್ಯಾಡ. ಮನ್ಯಾಗಿನವರ ಹೆಸರ ಬ್ಯಾಡ, ಹುಟ್ಟಿದ ತಾರೀಖ ಬ್ಯಾಡ. ನಿಮಗಷ್ಟ ಕಾಣೂ ನಾಕ ವಸ್ತು, ಸಾಲಾಗಿ.” ಆ ನಾಲ್ಕರ ನಡುವೆ ಎಲ್ಲಾದರೂ ಒಂದು ಅಂಕಿ, ಒಂದು ಗುರುತು ಸೇರಿಸಲು ಹೇಳಿ ಎದ್ದು ಗೋಡೆಗೆ ಹೋಗುತ್ತಿದ್ದರು. ಬ್ಯಾಂಕಿಗೂ ಅರ್ಜಿಗೂ ಒಂದೇ ಇಡುತ್ತೇನೆ ಎಂದರೆ ಗೋಡೆ ಕಡೆಯಿಂದಲೇ ಗದರುತ್ತಿದ್ದರು. “ಒಂದ ಟಿಕೀಟಿನ ಮ್ಯಾಲ ಎರಡ ಬಸ್ ಹತ್ತಿದ್ರ ಇಳಸ್ತಿದ್ದೆ ನಾನು.”

ನೆನಪಿನಲ್ಲಿ ಉಳಿಯದಿದ್ದರೆ ಎಂದು ಯಾರಾದರೂ ಅಂಜಿದರೆ, ಹಾಳೆಯ ಮೇಲೆ ಬರೆದು ಮನೆಯ ಟ್ರಂಕಿನಲ್ಲಿಡಿ, ಫೋನಿನಲ್ಲಿ ಬೇಡ, ನನ್ನ ಹತ್ತಿರ ಅಂತೂ ಬೇಡವೇ ಬೇಡ ಅನ್ನುತ್ತಿದ್ದರು. ಇಷ್ಟು ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಚಾಚಾ ಕನ್ನಡಕ ಒರೆಸಿಕೊಂಡು ಹೇಳಿದರು. “ನನಗ ಗೊತ್ತಿದ್ರ, ಯಾರರೆ ಕೇಳಿದಾಗ ಸುಳ್ಳ ಹೇಳಬೇಕಾಗ್ತದ. ಸುಳ್ಳ ನನಗ ಬರಂಗಿಲ್ಲ ಬೇಟಾ. ಅದಕ್ಕ ಗೊತ್ತ ಮಾಡ್ಕೊಳ್ಳಂಗಿಲ್ಲ.”

ಅವರ ಬಳಿಗೆ ನಾನು ಮೊದಲ ಸಲ ಹೋದದ್ದು ಒಂದು ಕಾಲೇಜು ಸೀಟು ಕಳೆದುಕೊಂಡ ಮೇಲೆ. ನಮ್ಮದು ಅತನೂರು. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಪ್ಪನ ತಮ್ಮ ಕಾಕಾನದು. ಪಿಯುಸಿ ಮುಗಿಸಿ ನರ್ಸಿಂಗ್ ಓದಬೇಕೆಂದು ಅರ್ಜಿ ಹಾಕಿದ್ದೆ, ಬೇರೊಂದು ಸೆಂಟರಿನಲ್ಲಿ, ಊರ ಹೆಸರಿನ @123ಯಲ್ಲಿ, ಕಾಕಾನ ಫೋನ್ ನಂಬರು ಕೊಟ್ಟು. ಮೊದಲ ಸುತ್ತಿನ ಪಟ್ಟಿ ಬಂದಾಗ ನನ್ನ ಹೆಸರಿರಲಿಲ್ಲ. ಅರ್ಜಿ ತೆಗೆದು ನೋಡಿದರೆ ನಾನು ಆಯ್ದ ಕಾಲೇಜುಗಳೆಲ್ಲ ಅಳಿಸಿಹೋಗಿದ್ದವು. ಕಾಕಾ ಮುಚ್ಚಿಡಲಿಲ್ಲ. ರೊಟ್ಟಿ ಮುರಿಯುತ್ತಾ, “ನಾನ ತೆಗಸೀನಿ. ಹೆಣ್ಣ ಹುಡುಗಿ ಹಾಸ್ಟೆಲ್‌ದಾಗ ಇರೂದ ಬ್ಯಾಡ” ಎಂದ. ಇನ್ನಷ್ಟು ಪಲ್ಯ ಬೇಕೆಂದು ತಟ್ಟೆ ಮುಂದೆ ಸರಿಸಿದ. ನಾನು ಬಡಿಸಿದೆ.

ನನಗೆ ಆಗ ಅಳು ಬರಲಿಲ್ಲ. ಮೈಯೊಳಗೆ ಯಾವುದೋ ಒಂದು ಕಡೆ ಜೋಮು ಹಿಡಿದ ಹಾಗಾಯಿತು. ಆ ಜೋಮು ಆಮೇಲೂ ಪೂರ್ತಿ ಬಿಡಲಿಲ್ಲ. ನರ್ಸ್ ಕೆಲಸಕ್ಕೆ ಅದು ಅನುಕೂಲವೇ ಆಯಿತು ಅನ್ನಿ.

ಎರಡನೆಯ ಸುತ್ತೊಂದು ಉಳಿದಿತ್ತು. ಅದೂ ತಪ್ಪಿದರೆ ಮುಗಿಯಿತು. ಅವ್ವ ಸಂತೆಯ ನೆಪ ಹೇಳಿ ನನ್ನನ್ನು ಅಫಜಲಪುರಕ್ಕೆ ಕರೆದುಕೊಂಡು ಹೋದಳು. ಹಿಂದೆ ಇದೇ ಕಂಡಕ್ಟರನ ಬಸ್ಸಿನಲ್ಲಿ ತವರಿಗೆ ಹೋಗುತ್ತಿದ್ದವಳು ಅವ್ವ. ಆ ಗುರುತಿನ ಮೇಲೆ ಮಶಾಕ್ ಚಾಚಾ ಅವರ ಸೆಂಟರಿಗೆ ಹೋದೆವು. ನಾನು ಹೇಳಿದ್ದನ್ನೆಲ್ಲ ಕೇಳಿ ಚಾಚಾ ಯಾರನ್ನೂ ಬೈಯಲಿಲ್ಲ. “ಮೊದಲ ಫೋನ್ ನಂಬರ ಬದಲ ಮಾಡಬೇಕು. ಓಟಿಪಿ ಅದಕ್ಕ ಬರ್ತದ. ಕೀಲಿ ಬದಲ ಮಾಡಿ, ಹಿತ್ತಲ ಬಾಗಲಾ ತೆರದ ಇಟ್ರ ಏನ ಬಂತು?” ಎಂದರು. ಅದಕ್ಕೊಂದು ಅರ್ಜಿ, ಗುರುತಿನ ಚೀಟಿಯ ಜೆರಾಕ್ಸು ಎಂದು ಎರಡು ದಿನ ಓಡಾಡಿ ಕಾಕಾನ ನಂಬರು ತೆಗೆಸಿ ಅವ್ವನ ಬಟನ್ ಫೋನಿನ ನಂಬರು ಹಾಕಿಸಿದರು. ಮೂರನೆಯ ದಿನ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ನಾಲ್ಕು ಸ್ಟೇಜು ಹಿಡಿಯಲು ಹೇಳಿ, ಎದ್ದು ಗೋಡೆಗೆ ಹೋದರು.

ನಾಲ್ಕು ಹಿಡಿದೆ. ಯಾವ ನಾಲ್ಕು ಎಂದು ಇಲ್ಲಿಯೂ ಬರೆಯುವುದಿಲ್ಲ.

ಕಾಲೇಜುಗಳನ್ನು ಮತ್ತೆ ಸಾಲಾಗಿ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಾಗಿಲಲ್ಲಿ ಕಾಕಾ ನಿಂತಿದ್ದ. ಹಿಂದೆ ಊರಿನ ಇಬ್ಬರು. ಆ ಹಳೆಯ ಸೆಂಟರಿಗೆ ಹೋಗಿ, ಪಾಸ್‌ವರ್ಡ್ ನಡೆಯುವುದಿಲ್ಲ ಎಂದು ತಿಳಿದುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಮ್ಮನ್ನು ವಿಚಾರಿಸಿಕೊಂಡು ಬಂದಿದ್ದ.

“ಪಾಸ್‌ವರ್ಡ್ ಹೇಳು ಮಶಾಕ್ ಸಾಬ.”

“ನನಗ ಗೊತ್ತಿಲ್ರಿ.”

“ನಿನ್ನ ಮಷಿನ್, ನಿನ್ನ ಅಂಗಡಿ. ನಿನಗ ಗೊತ್ತಿಲ್ಲಂದ್ರ ಯಾರ ನಂಬತಾರ? ದರ್ಗಾದ ಆಣಿ ಮಾಡ್ತೀ ಏನು?”

ಬಸ್ ಸ್ಟ್ಯಾಂಡಿನ ಜನ ಆಗಲೇ ಸೇರಿದ್ದರು. ಚಾಚಾ ತಲೆಯ ಮೇಲಿನ ಟೊಪ್ಪಿಗೆ ಸರಿ ಮಾಡಿಕೊಂಡು ದರ್ಗಾದ ದಿಕ್ಕಿಗೆ ತಿರುಗಿ, ಬಲಗೈ ಎದೆಯ ಮೇಲಿಟ್ಟರು. “ಆಣಿ ಮಾಡ್ತೇನ್ರಿ. ಈ ಹುಡುಗಿ ಏನ ಹೊಡದಾಳ ನನಗ ಗೊತ್ತಿಲ್ಲ. ನಾ ಗ್ವಾಡಿ ನೋಡಾಕತ್ತಿದ್ದೆ.” ದನಿಯಲ್ಲಿ ಅಂಜಿಕೆ ಇರಲಿಲ್ಲ. ಯಾಕೆಂದರೆ ಅದು ನಿಜವಾಗಿತ್ತು. ಆ ಹಸಿರು ಗೋಡೆ ಯಾತಕ್ಕೆ ಎಂದು ನನಗೆ ಅವತ್ತು ತಿಳಿಯಿತು.

ಕಾಕಾ ನನ್ನ ಕಡೆ ತಿರುಗಿದ. ನಾನು ಹೇಳಲಿಲ್ಲ. ಮನೆಗೆ ಹೋದ ಮೇಲೂ ಹೇಳಲಿಲ್ಲ. ಅವ್ವ ಪಟ್ಟಿ ಬರುವವರೆಗೂ ತನ್ನ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದಿಟ್ಟಿದ್ದಳು. ಸೀಟು ಸಿಕ್ಕಿತು. ಓದಿದೆ. ಈಗ ಜೇವರ್ಗಿಯಲ್ಲಿ ನರ್ಸ್. ಕಾಕಾ ತನ್ನ ಶುಗರ್ ಗುಳಿಗೆಗೆ ನನಗೇ ಫೋನ್ ಮಾಡುತ್ತಾನೆ, ನಾನೂ ಹೇಳುತ್ತೇನೆ. ಆದರೆ ಅತನೂರಿನ ನಮ್ಮ ಮಂದಿ ಅಂದಿನಿಂದ ಮಶಾಕ್ ಚಾಚಾ ಸೆಂಟರಿನ ಮೆಟ್ಟಿಲು ಹತ್ತಲಿಲ್ಲ. ಈ ವಿಷಯ ಚಾಚಾ ನನಗೆ ಯಾವತ್ತೂ ಹೇಳಲಿಲ್ಲ, ಚಾಚಿ ಹೇಳಿದರು. ಚಾಚಿ ಎಂದರೆ ಅವರ ಹೆಂಡತಿ ರಾಬಿಯಾ, ಕರಜಗಿಯವರು. “ನನ್ನ ಬಸ್ಸಿನ್ಯಾಗ ಹತ್ತಿದಾಕಿ, ಇನ್ನೂ ಇಳದಿಲ್ಲ ನೋಡು” ಎಂದು ಚಾಚಾ ಹೆಂಡತಿಯನ್ನು ಕುರಿತು ಬಂದವರ ಮುಂದೆ ಚೇಷ್ಟೆ ಮಾಡುತ್ತಿದ್ದರು. ಚಾಚಿ ಪರದೆಯ ಹಿಂದಿನಿಂದ ಚಹದ ಬಟ್ಟಲನ್ನು ಸದ್ದು ಮಾಡಿ ಇಡುತ್ತಿದ್ದರು.

ಕಡೆಯ ಸಲ ನಾನು ಅವರನ್ನು ಕಂಡದ್ದು ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ, ಒಂದು ವರ್ಷದ ಹಿಂದೆ. ಬಹಳ ಇಳಿದುಹೋಗಿದ್ದರು. ಅಂಗಿ ಮೊಳೆಗೆ ತೂಗುಹಾಕಿದಂತೆ ಕಾಣುತ್ತಿತ್ತು. ಏನು ಮಾತಾಡಬೇಕೋ ತಿಳಿಯದೆ, “ಪಾಸ್‌ವರ್ಡ್ ಇನ್ನೂ ಅದೇ ಅದ ಚಾಚಾ” ಎಂದೆ.

“ಅದನ್ನೂ ಹೇಳಬಾರದು ಬೇಟಾ. ಅದೇ ಅದ ಅಂದ್ರ ಅರ್ಧಾ ಹೇಳಿದಂಗ” ಎಂದು ಗದರಿ, ನುಗ್ಗಿ ಬಂದ ಅಫಜಲಪುರದ ಬಸ್ಸು ಹತ್ತಿದರು. ಕಂಡಕ್ಟರನ ಸೀಟಿನ ಪಕ್ಕದಲ್ಲೇ ಕೂತರು. ನನಗೆ ಡ್ಯೂಟಿಗೆ ತಡವಾಗಿತ್ತು, ಬಸ್ಸು ಬಿಡುವವರೆಗೂ ನಿಲ್ಲಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ವಾರ್ಡಿನಲ್ಲಿ ಒಬ್ಬಾಕೆಯ ಬಿಪಿ ನೋಡುತ್ತಿದ್ದೆ. ಫೋನ್ ಕೆಳಗಿಟ್ಟು ಬಿಪಿ ಬರೆದುಕೊಂಡೆ. ಮುಂದಿನ ಮಂಚಕ್ಕೆ ಹೋದೆ. ಏನೂ ಅನಿಸಲಿಲ್ಲ, ಅನಿಸದಿದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಮಣ್ಣಿಗೆ ಹೋಗಲು ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜವೆಂದರೆ ನಾನು ಕೇಳಿರಲಿಲ್ಲ.

ಹತ್ತು ದಿನ ಬಿಟ್ಟು ಚಾಚಿಯ ಫೋನ್ ಬಂತು. “ಸುವರ್ಣಾ, ಒಮ್ಮೆ ಬಂದ ಹೋಗವಾ.”

ಸೆಂಟರಿನ ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿದ್ದರು. ಚಾಚಿ ಅದೇ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಚಾಚಾ ಅವರ ಫೋನು. ಅದಕ್ಕೂ ಅಕ್ಷರದ ಪಾಸ್‌ವರ್ಡ್ ಇತ್ತು. ಮಗ ಅಂಗಡಿಗೆ ಒಯ್ದು ಕೇಳಿದ್ದನಂತೆ. ತೆಗೆಯಬಹುದು, ಆದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂದಿದ್ದರು.

“ಇದರಾಗ ಒಂದ ಫೋಟೋ ಅದ” ಎಂದರು ಚಾಚಿ. “ನಲವತ್ತ ವರ್ಷದಾಗ ನಾವ ಇಬ್ರೂ ಕೂಡಿ ತೆಗಿಸಿದ್ದ ಅದೊಂದ. ಹ್ವಾದ ರಂಜಾನಕ್ಕ ಮಗಳ ತೆಗದಿದ್ಲು. ಮತ್ತೆಲ್ಲೂ ಇಲ್ಲ. ಬೇಕಂದ್ರ ಬೈಕೊ, ನಿನಗ ಅವರ ರೀತಿ ಗೊತ್ತದ. ನೀ ತೆಗದ ಕೊಡು.”

ಫೋನು ನನ್ನ ಕೈಗೆ ಕೊಟ್ಟರು. ಅವರ ರೀತಿ ನನಗೆ ಗೊತ್ತಿತ್ತು. ಕೂತು ಯೋಚಿಸಿದ್ದರೆ ಹೊಳೆಯುತ್ತಿತ್ತೋ ಏನೋ. ಆದರೆ ನನಗೆ ಹೊಳೆಯುವುದು ಬೇಡವಾಗಿತ್ತು.

“ಚಾಚಿ, ಇದು ನನ್ನ ಕೆಲಸ ಅಲ್ರಿ. ನಿಮಗ ಮತ್ತ ಅವರಿಗೆ, ಇಬ್ಬರಿಗಷ್ಟ ಗೊತ್ತಿದ್ದ ದಾರಿ ಯಾವದಾರೆ ಅದ ಏನ್ರಿ? ನಾಕ ಸ್ಟೇಜ್. ಬೋರ್ಡ್ ಇಲ್ಲದ್ದು. ನಡುವ ಒಂದ ಅಂಕಿ, ಒಂದ ಗುರುತು.”

ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಏನೋ ತಿಳಿಯಲಿಲ್ಲ. “ಒಂದ ಅದ” ಎಂದರು.

“ನನಗ ಹೇಳಬ್ಯಾಡ್ರಿ.”

ಚಾಚಾ ನಮಾಜಿಗೆ ಹೋದಾಗ ಸೆಂಟರಿನಲ್ಲಿ ಕೂತು ಕೂತು ಚಾಚಿಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು. ಫೋನು ಅವರ ಕೈಗೆ ವಾಪಸ್ ಕೊಟ್ಟೆ. ಎದ್ದು, ಮೂರು ಹೆಜ್ಜೆ ನಡೆದು, ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತೆ. ಮೊಳೆ ಅಲ್ಲೇ ಇತ್ತು. ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಹಿಂದೆ ಬೆರಳಿನ ಸಣ್ಣ ಸದ್ದು ಶುರುವಾಯಿತು. ಅದು ನನಗೆ ಕೇಳಿಸಬಾರದಿತ್ತು.

“ನರೋಣಾ” ಎಂದು ಶುರು ಮಾಡಿದೆ. “ಆಳಂದ... ಅಫಜಲಪುರ... ಕರಜಗಿ...” ನನ್ನ ದನಿ ನನಗೇ ಯಾರದೋ ಅನಿಸುತ್ತಿತ್ತು. ಅತನೂರು ಬಂದಾಗ ಹಿಟ್ಟಿನ ಡಬ್ಬಿ ನೆನಪಾಯಿತು, ಎದೆಯ ಮೇಲಿನ ಬಲಗೈ ನೆನಪಾಯಿತು, ನಾನು ನಿಲ್ಲದೇ ಬಿಟ್ಟುಹೋದ ಆ ಬಸ್ಸು ನೆನಪಾಯಿತು. ತಡೆದುಕೊಂಡು ಜೇವರ್ಗಿಯವರೆಗೆ ಹೇಳಿದೆ.

ಹಿಂದೆ ಸದ್ದು ನಿಂತಿತ್ತು. ತೆರೆಯಿತೇ ಎಂದು ಕೇಳಲು ಹೊರಳುವುದರಲ್ಲಿದ್ದೆ.

“ಹೊಳ್ಳಬ್ಯಾಡ ಬೇಟಾ” ಎಂದರು ಚಾಚಿ. ದನಿ ಒದ್ದೆಯಾಗಿತ್ತು. “ಇನ್ನೊಂದ ಸ್ವಲ್ಪ ಹೊತ್ತ ನೋಡ್ಕೋತೀನಿ, ಹೊಳ್ಳಬ್ಯಾಡ.”

ನಾನು ಹೊರಳಲಿಲ್ಲ. ಮೊಳೆ ಮಂಜಾಗಿ ಕಾಣುತ್ತಿತ್ತು. ಒರೆಸಿಕೊಳ್ಳದೆ, ಜೇವರ್ಗಿಯಿಂದ ವಾಪಸ್ ಟ್ರಿಪ್ ಹಿಡಿದೆ.