ಯಮನವ್ವ ತುಂಬಿದ ಉಡಿ

ಗುಳೇದಗುಡ್ಡದ ಯಮನವ್ವ ಯಾರ ಉಪಕಾರವನ್ನೂ ಸುಮ್ಮನೆ ಉಳಿಸಿಕೊಂಡವಳಲ್ಲ. ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತರೆ ಸೆರಗಿಗೆ ಅಕ್ಕಿ, ಕೊಬ್ಬರಿ, ತಾನೇ ನೇಯ್ದ ರವಿಕೆ ಖಣ ಹಾಕಿ ಉಡಿ ತುಂಬಿಯೇ ಕಳಿಸಬೇಕು. "ಬರಿ ಉಡೀಲೆ ಕಳಿಸಿದ್ರ ಮನಿಗೆ ಚಲೋ ಅಲ್ಲ" ಎಂಬ ಹಟ. ಆ ಒಳ್ಳೆಯ ಹಟವೇ ಅವಳ ಮನೆಯನ್ನು ತಿಂದಿತು.

ಗಂಡ ರಾಮಲಿಂಗಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದು ಎರಡು ವರ್ಷವಾಗಿತ್ತು. ಆ ವರ್ಷ ಆಕಾಶದಿಂದ ಊರೂರಿಗೆ ಇಳಿದುಬಂದ ಬೇರೆ ಲೋಕದ ಜೀವಿಗಳಲ್ಲಿ ಒಂದು ಅವರ ಮಗ್ಗದ ಕೋಣೆಗೆ ಬಂದು ಕೂತದ್ದು ಯುಗಾದಿಯ ಮರುದಿನ. ಅದಕ್ಕೆ ಬಾಯಿಯೇ ಇಲ್ಲ. ಗಂಡೋ ಹೆಣ್ಣೋ ದೇವರೇ ಬಲ್ಲ, ಯಮನವ್ವ ಮಾತ್ರ ಹೆಣ್ಣೆಂದೇ ತೀರ್ಮಾನಿಸಿದ್ದಳು. ದೊಡ್ಡ ದೊಡ್ಡ ಪಂಡಿತರು ಯಂತ್ರ ಹೊತ್ತು ತಂದು ಮಾತಾಡಿಸಿದರೂ ಅದು ಜಗ್ಗಲಿಲ್ಲ. ಮನೆಗೆ ಬಂದುಹೋಗುವವರನ್ನು ನೋಡುವುದು, ದಿನಕ್ಕೊಮ್ಮೆ ರಾಮಲಿಂಗಪ್ಪನ ಸತ್ತ ಕೈಯನ್ನು ತನ್ನ ತಣ್ಣನೆಯ ಕೈಗಳಲ್ಲಿ ಹಿಡಿದು ಕೂರುವುದು, ಇಷ್ಟೇ ಅದರ ಕೆಲಸ. ಶ್ರಾವಣ ಬರುವಷ್ಟರಲ್ಲಿ ಮೂರು ಬೆರಳು ಅಲುಗಾಡಿದವು. ಹೆಬ್ಬೆರಳೊಂದು ಬಂದರೆ ಅವನು ಮತ್ತೆ ಲಾಳಿ ಹಿಡಿಯಬಹುದಿತ್ತು.

ಪಂಚಮಿಗೆ ಯಮನವ್ವನ ತಂಗಿಯ ಮಕ್ಕಳು ಶ್ರುತಿ, ಮಾಯಾ ಬಂದು, ಉಂಡಿ ತಿಂದು, ಉಡಿ ತುಂಬಿಸಿಕೊಂಡು ಹೋದರು. ಯಮನವ್ವ ಓಣಿಯ ತುದಿಯವರೆಗೆ ಅಳುತ್ತಾ ಹೋಗಿ ಕಳಿಸಿ ಬಂದಳು. ಮಗ್ಗದ ಕೋಣೆಯದು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿತು. ನೆರೆಮನೆಯ ದುರಗವ್ವನಾದರೂ ಸುಮ್ಮನಿರಬೇಕಲ್ಲ!

"ಊರ ಮಂದಿಗೆಲ್ಲ ಉಡಿ ತುಂಬ್ತಿ. ಗಂಡನ ಕೈ ಎಬ್ಬಿಸಿದಾಕಿ ಬರಿ ಉಡೀಲೆ ಕುಂತಾಳಲ್ಲ ಯವ್ವಾ?"

ಯಮನವ್ವನಿಗೆ ಚುರ್ರೆಂದಿತು. ಆ ವರ್ಷ ನೇಯ್ದದ್ದರಲ್ಲೇ ಚೆಂದದ ಖಣ ತೆಗೆದಳು. ಅದು ಹುಡುಗಿಯರಂತೆಯೇ ಕೈಗಳನ್ನು ಮುಂದೆ ಚಾಚಿತು.

"ನೋಡ್ರಿ, ಎಷ್ಟ ತಿಳೀತೈತಿ ಇದಕ್ಕ!" ಎಂದು ಗಂಡನಿಗೆ ಹೇಳುತ್ತಾ, ಹಿಗ್ಗಿನಿಂದ ಆ ಕೈಗಳ ಮೇಲೆ ಖಣ ಹಾಸಿ ಐದು ಬೊಗಸೆ ಅಕ್ಕಿ ಹಾಕಿದಳು.

ಅದು ಎದ್ದಿತು. ಹೊಸ್ತಿಲ ಬಳಿ ಹುಡುಗಿಯರಂತೆಯೇ ಬಾಗಿ, ಹೊರಟೇಬಿಟ್ಟಿತು. ಯಮನವ್ವ ಅಳುತ್ತಾ, ಕೂಗುತ್ತಾ ಹಿಂದೆ ಓಡಿದಳು. ಅಳುತ್ತಾ ಹಿಂದೆ ಬರುವುದನ್ನೂ ಅದು ಹುಡುಗಿಯರ ಸಲವೇ ಕಂಡಿತ್ತಲ್ಲ, ಅದೂ ಬೀಳ್ಕೊಡುಗೆಯೇ ಎಂದುಕೊಂಡಿತು. ಓಣಿಯ ತುದಿಯಲ್ಲಿ ತಿರುಗಿ, ಶ್ರುತಿಯ ಹಾಗೆ ಕೈ ಬೀಸಿ ಹೋಯಿತು.

ಮೂರನೆಯ ದಿನ ಅದನ್ನು ವಿಚಾರಿಸಲು ಸರ್ಕಾರದ ಅಧಿಕಾರಿಯೊಬ್ಬರು ಬಂದರು. "ಯಾಕಮ್ಮಾ ಅದನ್ನ ಕಳಿಸಿಬಿಟ್ರಿ?"

"ಕಳಿಸಿಲ್ರಿ ಸಾಹೇಬ್ರ, ಮರ್ಯಾದಿ ಮಾಡೇನ್ರಿ."

ಅವರು ಆ ಮಾತನ್ನೇ ಬರೆದುಕೊಂಡು ಹೋದರು. ರಾಮಲಿಂಗಪ್ಪ ಮೂರು ಬೆರಳಲ್ಲಿ ಲಾಳಿ ಎತ್ತಲು ಹೋಗಿ ಬೀಳಿಸಿದ.

"ಅದರದು ನಮಗ ಏನೂ ತಿಳೀಲಿಲ್ಲ" ಎಂದ. "ನಮ್ಮದು ಅದಕ್ಕ ಖರೇನ ತಿಳೀತು ನೋಡು. ಉಡಿ ತುಂಬಿದ ಮ್ಯಾಲ ಯಾರರ ಕುಂದರ್ತಾರೇನು?"

ಯಮನವ್ವ ಬಿದ್ದ ಲಾಳಿ ಎತ್ತಿ ಮಗ್ಗದ ಮೇಲಿಟ್ಟಳು. ಆಮೇಲೆ ಅವಳು ಯಾರ ಉಡಿಯನ್ನೂ ತುಂಬಲಿಲ್ಲ. ಊರು ಅವಳನ್ನೀಗ ಜುಗ್ಗಿ ಎನ್ನುತ್ತದೆ. ಮೊದಲು ಅಂದವಳು ದುರಗವ್ವನೇ.