ಹಲಗೆಯ ಮೇಲೆ ಬರೆಯದ ಬೆಲೆ

ನನ್ನ ಲಾರಿಯ ಕ್ಯಾಬಿನ್ನಿನಲ್ಲಿ, ನನ್ನ ಸೀಟಿನ ಹಿಂದೆ, ಒಂದು ಮರದ ಹಲಗೆ ಇತ್ತು. ಅದರ ನಡುವೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೀಟು ಎಳೆದಿದ್ದೆ. ಎಡಕ್ಕೆ ನಮ್ಮ ರಾಜ್ಯ, ಬಲಕ್ಕೆ ತಮಿಳುನಾಡು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಘಾಟಿ ಇಳಿಯುವುದು ನನ್ನ ಕೆಲಸ. ಕಂಡ ಬೆಲೆಗಳನ್ನೆಲ್ಲ ಆ ಹಲಗೆಯ ಮೇಲೆ ಬರೆಯುತ್ತಿದ್ದೆ. ಡೀಸೆಲ್ಲು, ಟೀ, ಬಸ್ ಚಾರ್ಜು, ರೇಷನ್ ಅಕ್ಕಿ, ಲಾರಿಯ ರಸ್ತೆ ತೆರಿಗೆ, ಬೆಲ್ಲದ ಮಾರಾಟ ತೆರಿಗೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅಷ್ಟು ಲೆಕ್ಕ ಕಷ್ಟವೇನೂ ಆಗಿರಲಿಲ್ಲ.

ಈಗ ನೆನೆದರೆ ಆ ದಾರಿ ಎಚ್ಚರದಲ್ಲಿ ನೋಡಿದ್ದೋ ನಿದ್ದೆಯಲ್ಲಿ ನೋಡಿದ್ದೋ ತಿಳಿಯುವುದಿಲ್ಲ. ಹಿಂದೆ ಆರದ ಬೆಲ್ಲದ ವಾಸನೆ, ಎರಡೂ ಕಡೆ ಬಾಗಿದ ಬಿದಿರು, ಗಾಜಿನ ಮೇಲೆ ಓಡುವ ನೆರಳು. ಮಧ್ಯಾಹ್ನದ ಹೊತ್ತಿಗೆ ಚೆಕ್‌ಪೋಸ್ಟಿನ ಅಡ್ಡಗಂಬ ಮೇಲೆದ್ದರೆ, ಅದರಾಚೆ ಜಗತ್ತೇ ನಾಲ್ಕಾಣೆ ಅಗ್ಗವಾದಂತೆ ಅನಿಸುತ್ತಿತ್ತು.

ಊರಿಗೆ ಬಂದರೆ ನಾಲೆಯ ಸೇತುವೆ ಮೇಲೆ ಕೂತವರು ಬಿಡುತ್ತಿರಲಿಲ್ಲ.

“ಅಲ್ಲಿ ಬಸ್ಸಿಗೆ ಎಷ್ಟ್ಲಾ?”

“ನಮ್ಮದರಲ್ಲಿ ಅರ್ಧಕ್ಕೆ ಸ್ವಲ್ಪ ಮೇಲೆ. ನಮ್ಮ ಸರ್ಕಾರ ನಮ್ಮನ್ನ ಗಾಣಕ್ಕೆ ಕೊಟ್ಟ ಕಬ್ಬಿನಂಗೆ ಇಂಡ್ತದೆ ಕಣ್ಲಾ,” ಅಂತಿದ್ದೆ.

“ಅಂಗಾರೆ ಅಲ್ಲೇ ಇದ್ಬುಡು ಓಗ್ಲಾ, ನಮ್ಗೂ ನಿನ್ನ ಬುರುಡೆ ತಪ್ತದೆ,” ಎಂದು ಒಬ್ಬ ಮುದುಕ ಅಂದಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಅಕ್ಕನ ಮನೆ ಆ ಸೇತುವೆಯ ಪಕ್ಕದಲ್ಲೇ ಇತ್ತು. ಹಿತ್ತಲ ಬಾಗಿಲು ತೆಗೆದರೆ ನಾಲೆಯ ಮೆಟ್ಟಿಲು. ಬಾವ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳಿಗೆ ಆ ವರ್ಷ ಎರಡು ಸಂಬಂಧ ಬಂದವು. ಒಂದು ನಾಗಮಂಗಲದ ಕಡೆಯ ಸ್ಕೂಲ್ ಮೇಷ್ಟ್ರು. ಹುಡುಗನ ಅಪ್ಪ ಜಗಲಿಯ ಮೇಲೆ ಕೂತು, ಕೇಳುವ ಮೊದಲೇ ಹೇಳಿದರು: “ನಮ್ಮಲ್ಲಿ ನೀರು ದೂರ ಕಣವ್ವ. ಎಣ್ಣುಮಕ್ಕಳು ಒರಬೇಕು. ಮುಚ್ಚಿಡೋದು ಯಾಕೆ?” ನಾಲೆ ಬಯಲಿನ ನಮ್ಮ ಜನ ಒಣಸೀಮೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಅಕ್ಕನ ಮುಖ ಅಲ್ಲೇ ಸಣ್ಣದಾಯಿತು.

ಇನ್ನೊಂದು ಸಂಬಂಧ ತಂದವನು ನಾನು. ಘಾಟಿಯ ಕೆಳಗೆ ನಮ್ಮ ಮಾತನ್ನೇ ಆಡುವ ನಮ್ಮ ಜನ ಇದ್ದಾರೆ. ನನ್ನ ಬೆಲ್ಲ ಕೊಳ್ಳುತ್ತಿದ್ದ ಮಂಡಿಯ ಯಜಮಾನನ ತಮ್ಮನ ಮಗ ಹುಡುಗ. ಯಜಮಾನ ನನ್ನ ಹೆಗಲ ಮೇಲೆ ಕೈಯಿಟ್ಟು, ಸಂಬಂಧ ಕೂಡಿದರೆ ನಿನ್ನ ಲಾರಿ ಯಾವತ್ತೂ ಖಾಲಿ ವಾಪಸ್ ಹೋಗುವುದಿಲ್ಲ ಅಂದ. ಲಾರಿ ಸಾಲದಲ್ಲಿ ಕೊಂಡದ್ದು. ಹೋಗುವಾಗಿನ ಬಾಡಿಗೆ ಡೀಸೆಲ್ಲಿಗೆ, ತೆರಿಗೆಗೆ ಸರಿಹೋದರೆ, ಬರುವಾಗಿನ ಬಾಡಿಗೆಯಲ್ಲೇ ಕಂತು ಕಟ್ಟಬೇಕು. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಹಲಗೆಯ ಮೇಲಿದ್ದುದನ್ನೆಲ್ಲ ಬಾಯಿಪಾಠ ಒಪ್ಪಿಸಿದೆ. ಅಲ್ಲಿ ಅಕ್ಕಿ ಅಗ್ಗ, ಬಸ್ಸು ಅಗ್ಗ, ಬದುಕೇ ಅಗ್ಗ.

ಹುಡುಗನ ಮನೆ ನೋಡಿ ಬರುವುದು ಸೋದರಮಾವನ ಪಾಲಿನ ಕೆಲಸ. ಹೋದೆ. ಮಂಡಿಯಲ್ಲಿ ಊಟ ಹಾಕಿದರು. ಹುಡುಗನ ಊರು ಅಲ್ಲಿಂದ ಇನ್ನೂ ಏಳೆಂಟು ಮೈಲಿ. ಲೋಡು ಸಿದ್ಧವಾಗಿತ್ತು. ನಾನು ಆ ಮನೆ ನೋಡದೆ ಬಂದುಬಿಟ್ಟೆ.

ಅಕ್ಕನ ಮಗಳು ನಾಲೆಯ ಮೆಟ್ಟಿಲ ಮೇಲೆ, ಕಾಲು ನೀರಿಗೆ ಬಿಟ್ಟು ಕೂತಿದ್ದಳು. ತಿರುಗದೆ ಕೇಳಿದಳು: “ಮಾವ, ಅಲ್ಲಿ ನೀರು ಎಂಗೆ?”

ಮಂಡಿಯ ಮುಂದೆ ಕೈ ತೊಳೆದ ನಲ್ಲಿ ನನ್ನ ಕಣ್ಣಿಗೆ ಬಂತು. “ಮನೆ ಮುಂದೇನೆ ನಲ್ಲಿ ಐತೆ ಕಣವ್ವ,” ಅಂದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಅಂದಳು: “ನೀನು ಓದ್ದೋನು, ನಾಲ್ಕೂರು ತಿರುಗ್ದೋನು. ನೀನು ನೋಡಿದ್ಮೇಲೆ ನಾನೇನ್ಲಾ ನೋಡೋದು?”

ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ ಆಯಿತು. ಲೋಡಿದೆ ಅಂತ ನಾನು ಹೋಗಲಿಲ್ಲ; ಹೆಣ್ಣನ್ನು ಬಿಡಲು ಹೋದವರು ಒಂದು ಹೊತ್ತು ಉಂಡು ವಾಪಸಾದರು. ಮದುವೆಯ ಮನೆಯಲ್ಲಿ ನೀರು ಯಾವಾಗಲೂ ತುಂಬಿಯೇ ಇರುತ್ತದೆ.

ನಾಲ್ಕೈದು ತಿಂಗಳ ಮೇಲೆ ನಾನು ಮೊದಲ ಸಲ ಆ ಊರಿಗೆ ಹೋದೆ. ಬಿಸಿಲಿನಲ್ಲಿ ಬೀದಿಯುದ್ದಕ್ಕೂ ಪ್ಲಾಸ್ಟಿಕ್ಕಿನ ಬಿಂದಿಗೆಗಳು ಸಾಲಾಗಿ ನಿಂತಿದ್ದವು, ಹಳದಿ, ಕೆಂಪು, ಹಸಿರು. ಯಾರದೋ ಹಬ್ಬಕ್ಕೆ ಜೋಡಿಸಿದ್ದಾರೆ ಅಂದುಕೊಂಡೆ. ಅಕ್ಕನ ಮಗಳು ನಗುತ್ತಾ ಬಂದು, ನಮ್ಮ ರೂಢಿಯಂತೆ, ಕಾಲು ತೊಳೆಯಲು ಬಕೆಟ್ಟು ಚೊಂಬು ಇಟ್ಟಳು. ನಾನು ನಾಲೆ ದಂಡೆಯವನು. ಮುಖಕ್ಕೆ ಎರಚಿಕೊಂಡೆ, ಬಾಯಿ ಮುಕ್ಕಳಿಸಿದೆ, ಉಳಿದುದನ್ನು ಬಕೆಟ್ಟು ಎತ್ತಿ ಎರಡೂ ಕಾಲಿನ ಮೇಲೆ ಸುರಿದುಕೊಂಡೆ. ತಲೆ ಎತ್ತಿದಾಗ ಅವಳ ಅತ್ತೆ ನೆಲದ ಮೇಲೆ ಹರಿದುಹೋಗುವ ನೀರನ್ನೇ ನೋಡುತ್ತಿದ್ದರು.

ಅಲ್ಲಿ ನೀರು ದಿನ ಬಿಟ್ಟು ದಿನ ಗಾಡಿಯಲ್ಲಿ ಬರುತ್ತಿತ್ತು. ಬಿಂದಿಗೆಗೆ ಇಷ್ಟು ಅಂತ ಕೊಟ್ಟು ಹಿಡಿಯಬೇಕು. ನಾನು ಕಾಲಿಗೆ ಸುರಿದುಕೊಂಡದ್ದು ಆ ದಿನದ ಅಡುಗೆಯ ನೀರು.

ಹೊರಡುವಾಗ ಅವಳು ಲಾರಿಯವರೆಗೆ ಬಂದಳು. “ಅವ್ವಂಗೆ ಏಳ್ಬ್ಯಾಡ ಮಾವ. ಇವ್ರು ಒಳ್ಳೇವ್ರು. ನೀರೊಂದೇಯ,” ಅಂದಳು. ಕ್ಯಾಬಿನ್ನಿಗೆ ಹತ್ತಿ ಹಲಗೆ ನೋಡಿದೆ. ಅಷ್ಟು ವರ್ಷ ಅಷ್ಟೆಲ್ಲ ಬರೆದಿದ್ದೆ. ನೀರು ಎಂಬ ಸಾಲು ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ನೀರಿಗೂ ಬೆಲೆ ಇರುತ್ತದೆ ಎಂದು ನನಗೆ ಕನಸಲ್ಲೂ ಹೊಳೆದಿರಲಿಲ್ಲ.

ಅವಳು ಹೇಳಿದಂತೆ ಬಾಯಿ ಮುಚ್ಚಿಕೊಂಡೆ. ನನಗೂ ಅದೇ ಬೇಕಾಗಿತ್ತು.

ಬಾಣಂತನಕ್ಕೆ ಅವಳು ತವರಿಗೆ ಬಂದಳು. ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆ. ಒಳಗೆ ಬಚ್ಚಲಲ್ಲಿ ಅಕ್ಕ ಹಂಡೆಯ ನೀರು ತೋಡಿ ಬಾಣಂತಿಯ ಬೆನ್ನಿಗೆ ಹೊಯ್ಯುತ್ತಿದ್ದಳು. ಹೊಗೆ, ಸೀಗೆಪುಡಿಯ ವಾಸನೆ, ನೀರು ಬೀಳುವ ಸದ್ದು. ಆ ಸದ್ದಿಗೆ ನನಗೆ ಜೊಂಪು ಹತ್ತುತ್ತಿತ್ತು. ಆಗ ಅವಳ ದನಿ ಕೇಳಿಸಿತು.

“ಸಾಕು ಕಣವ್ವ, ಸಾಕು! ನಾಕು ಚೊಂಬು ಆಯ್ತಲ್ಲ. ನಾಳೀಕೆ ಇರ್ಲಿ.”

ನೀರಿನ ಸದ್ದು ನಿಂತಿತು. ಆಮೇಲೆ ಅಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದಳು.

“ಲೇ, ನೀನು ಆ ಮನೆ ನೋಡಿದ್ಯೇನ್ಲಾ?”

“ಇಲ್ಲ ಅಕ್ಕ.”

ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಅಂದಳು: “ಆ ನಾಗಮಂಗಲದೋರು ಇದ್ದುದ್ದ ಇದ್ದಂಗೆ ಏಳಿದ್ರು. ಅವ್ರನ್ನ ಬ್ಯಾಡ ಅಂದ್ಬುಟ್ಟೆ.”

ಬಾಣಂತನ ಮುಗಿಸಿ ಅವಳು ಗಂಡನ ಮನೆಗೆ ಮರಳಿದ ಮೇಲೆ, ಮೊದಲ ಲೋಡಿನಿಂದಲೇ ನಾನು ಬೆಲ್ಲದ ಪಿಂಡಿಗಳ ಹಿಂದೆ ಎರಡು ಡ್ರಮ್ಮು ಇಟ್ಟು, ನಮ್ಮ ಬೀದಿಯ ನಲ್ಲಿಯ ನೀರು ತುಂಬಿಸತೊಡಗಿದೆ. ಚೆಕ್‌ಪೋಸ್ಟಿನ ಗುಮಾಸ್ತ ಮುಚ್ಚಳ ತೆಗೆದು, ಮೂಸಿ ನೋಡಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡ.

“ಏನ್ರೀ ಇದು?”

“ನೀರು ಸ್ವಾಮಿ. ನಮ್ಮ ಹುಡುಗಿಗೆ.”

“ಕಾವೇರಿ ನೀರಾ? ಅಲ್ರೀ, ಇದಕ್ಕೋಸ್ಕರ ಎರಡು ಸರ್ಕಾರ ಕಿತ್ತಾಡ್ತಾ ಇದ್ರೆ ನೀವು ಡ್ರಮ್ಮಲ್ಲಿ ಬಿಡ್ತಾ ಇದೀರಾ!” ಎಂದು ಜೋರಾಗಿ ನಕ್ಕ. ಆಮೇಲೆ ಪುಸ್ತಕ ತಿರುವಿ ಹಾಕಿದ. “ಇದಕ್ಕೆ ಟ್ಯಾಕ್ಸ್ ಹಾಕೋಕೆ ನನ್ನತ್ರ ಕಾಲಮ್ಮೇ ಇಲ್ಲ. ನಡೀರಿ.”

ಎರಡು ಡ್ರಮ್ಮು ಎಷ್ಟು ದಿನಕ್ಕೆ ಬರುತ್ತದೆ? ನಾನು ತಿಂಗಳಿಗೆ ಮೂರು ಸಲ ಹೋದರೆ ಹೆಚ್ಚು. ಆ ಬೀದಿಗೆ ನಲ್ಲಿ ಬರುವ ಹೊತ್ತಿಗೆ ಅವಳ ಮಗು ಸ್ಕೂಲಿಗೆ ಹೋಗುತ್ತಿತ್ತು. ನಾನು ತಂದದ್ದು ಪ್ರಾಯಶ್ಚಿತ್ತ ಎಂದು ಯಾರಿಗೂ ಹೇಳಿಲ್ಲ. ಅದು ಅಲ್ಲವೂ ಅಲ್ಲ.

ಮೊದಲ ಸಲ ಡ್ರಮ್ಮು ಇಳಿಸಿದ ಮಧ್ಯಾಹ್ನ ಅವಳು ಮುಚ್ಚಳ ತೆಗೆದು, ಕೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟು ನಿಂತಳು. ಕಣ್ಣು ಮುಚ್ಚಿದ್ದಳು. ಆಮೇಲೆ ಚೊಂಬು ತುಂಬ ತೋಡಿ ನನ್ನ ಮುಂದೆ ಹಿಡಿದಳು.

“ಇವತ್ತು ನಮ್ಮೂರ ನೀರು. ಪೂರಾ ತೊಳ್ಕೊ ಮಾವ.”

ನಾನು ಒಂದು ಬೊಗಸೆ ತೆಗೆದುಕೊಂಡು ಪಾದಕ್ಕೆ ಸವರಿಕೊಂಡೆ. ಉಳಿದುದನ್ನು ಮತ್ತೆ ಡ್ರಮ್ಮಿಗೇ ಸುರಿದೆ.